ನಮ್ಮ ಟೇಬಲ್‌ನಲ್ಲಿ ಗೆದ್ದ ಎನ್-ಗೇಜ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ಕು ಜನರ ಟೀಮ್‌ಗೆ ಒಂದು ಅಸೈನ್‌ಮೆಂಟ್ ಬಂದಿತ್ತು. ಒಂದೇ ಕಾಲದ ಎರಡು ಪ್ರಾಡಕ್ಟ್ ತಗೊಂಡು, ಮಾರ್ಕೆಟ್‌ನಲ್ಲಿ ಯಾವುದರ ಸ್ಥಾನ ಗಟ್ಟಿ ಅಂತ ಅಳೆಯಬೇಕು. ನಾವು ಆರಿಸಿದ್ದು 2003ರಲ್ಲಿ ಬಂದ ನೋಕಿಯಾ ಎನ್-ಗೇಜ್ ಮತ್ತು ಆಗ ಮಾರಾಟದಲ್ಲಿದ್ದ ನಿಂಟೆಂಡೊ ಗೇಮ್ ಬಾಯ್ ಅಡ್ವಾನ್ಸ್.

ಎಕ್ಸೆಲ್‌ನಲ್ಲಿ ಟೇಬಲ್ ಹಾಕಿದ್ವಿ. ಪ್ರೊಸೆಸರ್ 104 ಮೆಗಾಹರ್ಟ್ಸ್, ಎದುರಿಗೆ ಸುಮಾರು 17. ಫೋನ್, ಬ್ಲೂಟೂತ್, ಎಂಪಿ3, ರೇಡಿಯೊ ಎಲ್ಲ ಒಂದು ಕಡೆ, ಇನ್ನೊಂದು ಕಡೆ ಬರೀ ಗೇಮ್. ಎನ್-ಗೇಜ್‌ಗೆ ಹತ್ತಕ್ಕೆ ಎಂಟು ಕೊಟ್ವಿ, ಗೇಮ್ ಬಾಯ್‌ಗೆ ಐದು. ಮೇಡಂ ನೋಡಿ, "ಮತ್ತೆ ಸೋತಿದ್ದು ಯಾಕೆ?" ಅಂತ ಕೇಳಿದ್ರು. ಗೇಮ್ ಬಾಯ್ ಅಡ್ವಾನ್ಸ್ ಮಾದರಿಗಳೆಲ್ಲ ಸೇರಿ ಮಾರಾಟವಾಗಿದ್ದು 8 ಕೋಟಿಗೂ ಹೆಚ್ಚು. ಎನ್-ಗೇಜ್ 30 ಲಕ್ಷದ ಆಸುಪಾಸು. ನಮ್ಮ ಹತ್ರ ಉತ್ತರ ಇರಲಿಲ್ಲ. ಮಾರ್ಕ್ಸ್ ಕೂಡ ಹಾಗೇ ಬಂತು.

ಆಮೇಲೆ ಅದನ್ನೇ ಕೊಳ್ಳುವವರ ಕಡೆಯಿಂದ ನೋಡಿದ್ವಿ. ಅಮೆರಿಕದಲ್ಲಿ ಎನ್-ಗೇಜ್ ಬೆಲೆ 299 ಡಾಲರ್. ಅದೇ ವರ್ಷದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ 100 ಡಾಲರ್, ಅದರಲ್ಲಿ ಹಳೇ ಗೇಮ್ ಬಾಯ್ ಕಾರ್ಟ್ರಿಜ್‌ಗಳೂ ಓಡ್ತಿದ್ವು. ಅಂದ್ರೆ ಅಣ್ಣ ಆಡಿಬಿಟ್ಟ ಗೇಮನ್ನು ತಮ್ಮ ಹಾಗೇ ಆಡಬಹುದು. ಎನ್-ಗೇಜ್‌ನಲ್ಲೋ, ಗೇಮ್ ಬದಲಿಸಬೇಕಂದ್ರೆ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕಿತ್ತು, ಕಾರ್ಡ್ ಹಾಕಿ, ಫೋನ್ ಮತ್ತೆ ಆನ್ ಮಾಡಬೇಕು. ಮಾತಾಡೋಕೆ ಅದರ ಅಂಚನ್ನು ಕಿವಿಗೆ ಒತ್ತಿ ಹಿಡೀಬೇಕು. ಅಮೆರಿಕದವರು ಅದನ್ನು ಟಾಕೊಗೆ ಹೋಲಿಸಿ ನಕ್ಕರು. ನಮ್ಮಲ್ಲಾಗಿದ್ರೆ ಮಡಚಿದ ಹೋಳಿಗೆ ಅಂತಿದ್ರೇನೋ! ಇದ್ಯಾವುದಕ್ಕೂ ನಮ್ಮ ಟೇಬಲ್‌ನಲ್ಲಿ ಕಾಲಮ್ಮೇ ಇರಲಿಲ್ಲ.

ಇನ್ನೊಂದು ಕಡೆಯೂ ನಾವು ಎಡವಿದ್ವಿ. ಬಿಡುಗಡೆಯಾದ ಎರಡು ವಾರದಲ್ಲಿ 4 ಲಕ್ಷ ಎನ್-ಗೇಜ್ ಹೋಗಿದೆ ಅಂತ ನೋಕಿಯಾ ಹೇಳಿತ್ತು. ಅದನ್ನೇ ಮಾರಾಟ ಅಂತ ಬರೆದುಕೊಂಡಿದ್ವಿ. ಆದರೆ ಅದು ಕಂಪನಿಯಿಂದ ಅಂಗಡಿಗೆ ಹೋದ ಲೆಕ್ಕ, ಗಿರಾಕಿ ಕೈಗೆ ಹೋದದ್ದಲ್ಲ. ಅಂಗಡಿಗಳಲ್ಲಿ ಮಾರಾಟ ಅದಕ್ಕಿಂತ ಎಷ್ಟೋ ಕಡಿಮೆ ಇತ್ತು. ಮೂರು ವಾರ ತುಂಬೋದ್ರೊಳಗೆ ಅಮೆರಿಕದ ದೊಡ್ಡ ಗೇಮ್ ಅಂಗಡಿಗಳು 100 ಡಾಲರ್ ರಿಯಾಯಿತಿ ಕೊಡೋಕೆ ಶುರುಮಾಡಿದ್ವು. ಚೆನ್ನಾಗಿ ಹೋಗ್ತಿರೋ ಮಾಲಿಗೆ ಯಾರಾದ್ರೂ ಇಷ್ಟು ಬೇಗ ಬೆಲೆ ಇಳಿಸ್ತಾರಾ?

ಹಾಗಂತ ನೋಕಿಯಾಗೆ ಜನ ಗೊತ್ತಿರಲಿಲ್ಲ ಅನ್ನೋಹಾಗೂ ಇಲ್ಲ. ಅದೇ 2003ರಲ್ಲಿ ಅದೇ ಕಂಪನಿ ತಂದದ್ದು ನೋಕಿಯಾ 1100. ಕ್ಯಾಮೆರಾ ಇಲ್ಲ, ಕಲರ್ ಸ್ಕ್ರೀನ್ ಇಲ್ಲ, ತುದಿಯಲ್ಲೊಂದು ಟಾರ್ಚ್. ಧೂಳು ಒಳಗೆ ಹೋಗದ ಕೀಪ್ಯಾಡ್. ಪ್ರಪಂಚದಲ್ಲಿ 25 ಕೋಟಿ ಮಾರಾಟವಾಯ್ತು. ನಮ್ಮಲ್ಲೊಬ್ಬನ ಅಜ್ಜ ಕರೆಂಟ್ ಹೋದಾಗ ಈಗಲೂ ಅದನ್ನೇ ಹುಡುಕ್ತಾರಂತೆ, ಸಿಮ್ ಇಲ್ಲದಿದ್ರೂ. ನಮ್ಮ ಟೇಬಲ್‌ಗೆ ಹಾಕಿ ನೋಡಿದ್ವಿ, ಹತ್ತಕ್ಕೆ ಎರಡು ಬಂತು.

2004ರಲ್ಲಿ ನೋಕಿಯಾ ಎನ್-ಗೇಜ್ ಕ್ಯೂಡಿ ತಂದಿತು. ಕಾರ್ಡ್ ಹೊರಗಿನಿಂದಲೇ ಹಾಕಬಹುದು, ಮಾಮೂಲಿ ಫೋನ್ ಥರಾನೇ ಹಿಡಿದು ಮಾತಾಡಬಹುದು. ಬದಲಿಗೆ ಎಂಪಿ3, ರೇಡಿಯೊ ತೆಗೆದುಹಾಕಿದ್ರು. ಅದೇ ವರ್ಷದ ಕೊನೆಗೆ ನಿಂಟೆಂಡೊ ಡಿಎಸ್, ಸೋನಿ ಪಿಎಸ್‌ಪಿ ಎರಡೂ ಬಂದುಬಿಟ್ಟವು. ಈ ಸಲ ನಾವು ಅವೆರಡನ್ನ ತಗೊಂಡಿದ್ದೀವಿ. ಟೇಬಲ್‌ನ ಮೊದಲ ಕಾಲಮ್ ಪ್ರೊಸೆಸರ್ ಅಲ್ಲ, "ಯಾರು ಕೊಳ್ತಾರೆ?"