ಕಿರಿಯರ ಗೆಲುವಿನಿಂದ ಹಿರಿಯರ ಕಣಕ್ಕೆ: ನಡುವಿನ ಮೆಟ್ಟಿಲು

ಇಯತ್ತೆ: ಒಂಬತ್ತು ಮತ್ತು ಹತ್ತು

ಉದ್ದೇಶ: ಒಂದು ಹಂತದ ಯಶಸ್ಸು ಮುಂದಿನ ಹಂತದಲ್ಲಿ ತಾನಾಗಿಯೇ ಮುಂದುವರಿಯದು, ಅದಕ್ಕೆ ಹೊಸ ಸಿದ್ಧತೆ ಬೇಕು ಎಂಬುದನ್ನು ವಿದ್ಯಾರ್ಥಿಗಳು ನಿದರ್ಶನಗಳ ಮೂಲಕ ಅರಿಯುವುದು.

ವಿಷಯ ವಿವರಣೆ

ಸೈಕಲ್ ಸ್ಪರ್ಧೆಯಲ್ಲಿ 17 ಮತ್ತು 18 ವರ್ಷದವರು ಜೂನಿಯರ್ ವರ್ಗಕ್ಕೆ ಸೇರುತ್ತಾರೆ. ರಸ್ತೆ ಓಟದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜೂನಿಯರ್ ಹುಡುಗರು ಸಾಮಾನ್ಯವಾಗಿ 120ರಿಂದ 140 ಕಿ.ಮೀ. ಕ್ರಮಿಸಿದರೆ, ಹಿರಿಯ ಪುರುಷರು 250ರಿಂದ 280 ಕಿ.ಮೀ. ಕ್ರಮಿಸಬೇಕು. ದೂರ ಸುಮಾರು ಇಮ್ಮಡಿಯಾಗುತ್ತದೆ. ಇದಲ್ಲದೆ, ಬೇಗ ಬೆಳೆದ ದೇಹದ ಬಲದಿಂದ ಗೆದ್ದ ಹುಡುಗನನ್ನು ಕೆಲವೇ ವರ್ಷಗಳಲ್ಲಿ ಓರಗೆಯವರು ಸರಿಗಟ್ಟುತ್ತಾರೆ. ವೃತ್ತಿಪರ ತಂಡ ಸೇರಿದ ಮೇಲೆ, ನಿನ್ನೆಯ ವಿಜೇತನು ತಂಡದ ನಾಯಕನಿಗೆ ನೀರಿನ ಬಾಟಲಿ ತಂದುಕೊಡುವ, ಗಾಳಿಗೆ ಎದೆಯೊಡ್ಡಿ ಅವನಿಗೆ ಮರೆಯಾಗುವ ಕೆಲಸವನ್ನೂ ಕಲಿಯಬೇಕಾಗುತ್ತದೆ.

ರಸ್ತೆ ಓಟದಲ್ಲಿ ಇವೆರಡರ ನಡುವೆ 23 ವರ್ಷದೊಳಗಿನವರ ವರ್ಗವೆಂಬ ಮೆಟ್ಟಿಲಿದೆ. ಟ್ರ್ಯಾಕ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದಿಲ್ಲ. ಜೂನಿಯರ್ ಆದವನು ನೇರವಾಗಿ ಹಿರಿಯರ ಎದುರು ನಿಲ್ಲಬೇಕು. 2019ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ಡೆರ್ ಓಡರ್ ನಗರದಲ್ಲಿ ಎಸೋ ಆಲ್ಬೆನ್, ರೊನಾಲ್ಡೋ ಸಿಂಗ್ ಮತ್ತು ರೋಜಿತ್ ಸಿಂಗ್ ಜೂನಿಯರ್ ತಂಡ ಸ್ಪ್ರಿಂಟ್‌ನಲ್ಲಿ ವಿಶ್ವ ಚಿನ್ನ ಗೆದ್ದರು. ಹಿರಿಯರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರೊನಾಲ್ಡೋ ಸ್ಪ್ರಿಂಟ್ ಬೆಳ್ಳಿ ಪಡೆದದ್ದು 2022ರಲ್ಲಿ, ದೆಹಲಿಯಲ್ಲಿ.

ನಮ್ಮ ಜಿಲ್ಲೆಯ ನಿದರ್ಶನ ಇನ್ನೂ ಸಮೀಪದ್ದು. ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2015ರಲ್ಲಿ ಏಷ್ಯನ್ ಶೂಟಿಂಗ್ ಚಾಂಪಿಯನ್‌ಶಿಪ್‌ನ ಜೂನಿಯರ್ ವಿಭಾಗದಲ್ಲಿ ಚಿನ್ನ ಗೆದ್ದರು. ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕಗಳೊಡನೆ ಕಂಚು ಗಳಿಸಿದ್ದು 2024ರ ಆಗಸ್ಟ್ 1ರಂದು. ನಡುವಣ ಒಂಬತ್ತು ವರ್ಷ ಅವರು ಮಧ್ಯ ರೈಲ್ವೆಯ ನೌಕರರಾಗಿಯೂ ಇದ್ದರು. ಆ ಒಂಬತ್ತು ವರ್ಷಗಳೇ ಈ ಪಾಠದ ತಿರುಳು.

ಶಿಕ್ಷಕರಿಗೆ ಸೂಚನೆ

ಶಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೂ ಇಂಥದೇ ನೆಗೆತ ಕಾದಿರುತ್ತದೆ. ಹತ್ತನೆಯ ಇಯತ್ತೆಯಲ್ಲಿ ಮೊದಲಿಗನಾದ ಹುಡುಗ ಜೂನಿಯರ್ ಕಾಲೇಜಿನಲ್ಲಿ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮವನ್ನು ಎದುರಿಸುತ್ತಾನೆ. ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದೊಡನೆ ‘ಕನ್ನಡದಲ್ಲಿ ಕಲಿತದ್ದೇ ತಪ್ಪಾಯಿತು’ ಎನ್ನುತ್ತಾನೆ. ಮನೆಯವರೂ ಅದನ್ನೇ ನಂಬಿ ತಮ್ಮನನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಅವನಿಗೆ ಕೊರತೆಯಾದದ್ದು ಜ್ಞಾನವಲ್ಲ, ನಡುವಿನ ಮೆಟ್ಟಿಲು. ಅದನ್ನು ಕಟ್ಟಬೇಕಾದವರು ನಾವು. ಅಂಕಪಟ್ಟಿಯನ್ನು ಹೊಗಳಿ ಮಗುವನ್ನು ಬೀಳ್ಕೊಡುವುದರಿಂದ ನಮ್ಮ ಹೊಣೆ ಮುಗಿಯದು.

ಚಟುವಟಿಕೆಗಳು

1. ವಿಜ್ಞಾನ, ಗಣಿತ ಪಾಠಗಳ ಪಾರಿಭಾಷಿಕ ಪದಗಳನ್ನು ಕನ್ನಡ, ಮರಾಠಿ, ಇಂಗ್ಲಿಷ್‌ಗಳಲ್ಲಿ ವಾರಕ್ಕೆ ಹತ್ತರಂತೆ ಬರೆಯಿಸಿರಿ. ಅರ್ಥವನ್ನು ಮೊದಲು ಕನ್ನಡದಲ್ಲಿಯೇ ಹೇಳಿಸಿರಿ.

2. ಕಾಲೇಜಿನಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಯಿಸಿ, ಮೊದಲ ಆರು ತಿಂಗಳ ತೊಡಕುಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಸಿರಿ.

3. ‘ಗೆದ್ದ ಮೇಲೆ ಕಲಿಯಬೇಕಾದದ್ದು’ ಎಂಬ ವಿಷಯವಾಗಿ ಹತ್ತು ವಾಕ್ಯಗಳನ್ನು ಬರೆಯಿಸಿರಿ.

ಮೌಲ್ಯಮಾಪನ

1. ಜೂನಿಯರ್ ವಿಜೇತನು ವೃತ್ತಿಪರ ತಂಡದಲ್ಲಿ ಯಾವ ಹೊಸ ಕೆಲಸಗಳನ್ನು ಕಲಿಯಬೇಕಾಗುತ್ತದೆ?

2. 2015ರಿಂದ 2024ರವರೆಗಿನ ಕಾಲವನ್ನು ಸೋಲೆನ್ನಬಹುದೇ? ಕಾರಣ ಕೊಡಿರಿ.

ಎರಡನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಮಗು ಕೊಡುವ ಕಾರಣವನ್ನು ಗಮನವಿಟ್ಟು ಕೇಳಿರಿ. ಮುಂದಿನ ವರ್ಷ ತನ್ನನ್ನು ತಾನು ಸಂತೈಸಿಕೊಳ್ಳಲು ಅದಕ್ಕೆ ಆ ಮಾತೇ ಬೇಕಾಗುತ್ತದೆ.