ಹುಲ್ಲಿನ ಬಾಯ್ಲರುಗಳು

1973ನೆಯ ಇಸವಿಯಲ್ಲಿ ಕಲ್ಲೆಣ್ಣೆಯ ಬೆಲೆಯು ವಿಪರೀತವಾಗಿ ಏರಲು, ಡೆನ್ಮಾರ್ಕ್ ದೇಶದ ಅನೇಕ ರೈತರು ಗೋಧಿ, ಜವೆಗೋಧಿಗಳ ಹುಲ್ಲನ್ನು ಉರಿಸಿ ಮನೆಗಳನ್ನು ಬೆಚ್ಚಗಿಡತೊಡಗಿದರು. ಸುಮಾರು 3 ಕಿಲೋಗ್ರಾಂ ಒಣಹುಲ್ಲು 1 ಕಿಲೋಗ್ರಾಂ ಎಣ್ಣೆಯಷ್ಟು ಶಾಖವನ್ನು ಕೊಡುವುದು. ಮೊದಲಿನ ಬಾಯ್ಲರುಗಳಲ್ಲಿ ಹೊಗೆ ಹೆಚ್ಚು, ಶಾಖ ಕಡಿಮೆ. ಬೆಂಕಿಗೆ ಬೇಕಾದಷ್ಟು ಗಾಳಿಯನ್ನು ಒದಗಿಸಿ, ಕಾದ ನೀರನ್ನು ದೊಡ್ಡ ತೊಟ್ಟಿಯಲ್ಲಿ ಶೇಖರಿಸಿಟ್ಟುಕೊಂಡ ಮೇಲೆ ಈ ದೋಷವು ಬಹುಮಟ್ಟಿಗೆ ನೀಗಿತು.

ಹುಲ್ಲಿನ ತೇವವು ನೂರಕ್ಕೆ 20ನ್ನು ಮೀರಕೂಡದು. ಕೊಯ್ದೊಡನೆ ಕಟ್ಟಿದ ಹಳದಿ ಹುಲ್ಲಿನಲ್ಲಿ ಕ್ಲೋರಿನ್ನೂ ಪೊಟಾಷೂ ಹೆಚ್ಚಾಗಿರುವುದರಿಂದ ಬೂದಿಯು ಕರಗಿ ಗಟ್ಟಿಕಟ್ಟುವುದು. ಬಾಯ್ಲರಿನ ಕಬ್ಬಿಣವು ಸವೆಯುವುದು. ಹೊಲದಲ್ಲಿಯೇ ಮಳೆಗೆ ತೊಳೆದು, ತಿರುಗಿ ಚೆನ್ನಾಗಿ ಒಣಗಿದ ಬೂದುಬಣ್ಣದ ಹುಲ್ಲೇ ಲೇಸು. ತೊಳೆದುಹೋದ ಪೊಟಾಷು ನೆಲಕ್ಕೇ ಸೇರುವುದು. ಉಳಿದುದನ್ನು ಒಲೆಯ ಬೂದಿಯೊಡನೆ ಹೊಲಕ್ಕೆ ಹಿಂದಿರುಗಿಸಬಹುದು. ಆದುದರಿಂದ ಹುಲ್ಲು ಕಟ್ಟುವುದರಲ್ಲಿ ಅವಸರಪಡುವ ರೈತನು ಎಣ್ಣೆಯ ಹಣವನ್ನು ಉಳಿಸಿ ಬಾಯ್ಲರನ್ನೇ ಕಳೆದುಕೊಂಡಾನು.