ಎರೆಭೂಮಿಯಲ್ಲಿ ಬಯಲುಭಟ್ಟಿಗೆ ಕಾಂಕ್ರೀಟಿನ ಪಾಯ

ಮನೋಳಿ, ಸವದತ್ತಿ, ರಾಮದುರ್ಗ ಮೊದಲಾದ ಮಲಪ್ರಭೆಯ ಸೀಮೆಯ ಹಳ್ಳಿಗಳಲ್ಲಿ ಚುರಮುರಿ ಹುರಿಯುವುದಕ್ಕೂ ರೊಟ್ಟಿ ಬ್ರೆಡ್ಡುಗಳನ್ನು ಸುಡುವುದಕ್ಕೂ ಜಾತ್ರೆಯ ದಾಸೋಹದ ಅಡಿಗೆಗೂ ಕಟ್ಟಿಗೆಯ ಭಟ್ಟಿಯನ್ನು ಬಯಲಿನಲ್ಲಿ ಕಟ್ಟುವುದುಂಟು. ಇಂಥ ಭಟ್ಟಿಯು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸೀಳಿದರೆ ಜನರು ಗೌಂಡಿಯನ್ನಾಗಲಿ ಇಟ್ಟಿಗೆಯನ್ನಾಗಲಿ ದೂರುವರು. ಆದರೆ ದೋಷವು ಬಹುಮಟ್ಟಿಗೆ ಮೇಲಿರದೆ ಕೆಳಗಿನ ನೆಲದಲ್ಲಿಯೇ ಇರುತ್ತದೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಹೋಗುವುದನ್ನು ಕಾಣದ ಒಕ್ಕಲಿಗನಿಲ್ಲ. ಆ ನೆಲವು ಒಂದು ಮಗ್ಗುಲಲ್ಲಿ ಏಳುತ್ತ ಮತ್ತೊಂದರಲ್ಲಿ ಕುಸಿಯುತ್ತ ಇದ್ದರೆ ಭಟ್ಟಿಯ ಗುಮ್ಮಟವು ಉಳಿಯುವುದೆಂತು?

1. ಸ್ಥಳ. ಭಟ್ಟಿಯು ಬಣವಿ, ಕಣ, ಹುಲ್ಲಿನ ಚಪ್ಪರಗಳಿಂದ 50 ಅಡಿಗೆ ಕಡಿಮೆಯಿಲ್ಲದಷ್ಟು ದೂರವಿರತಕ್ಕದ್ದು. ಗಾಳಿ ಬೀಸುವ ದಿಕ್ಕಿನಲ್ಲಿ ಬಣವಿಗಳಿರಕೂಡದು. ತಗ್ಗುಸ್ಥಳವೂ ದೊಡ್ಡ ಮರದ ಬುಡವೂ ತಕ್ಕವಲ್ಲ. ಬೇರುಗಳು ನೆಲದ ತೇವವನ್ನು ಹೀರಿ ಮಣ್ಣನ್ನು ಒಂದೇ ಕಡೆಗೆ ಕುಗ್ಗಿಸುವವು.

2. ಅಗೆತ. ಮಳೆಯಿಲ್ಲದ ದಿನಗಳಲ್ಲಿ ಕೆಲಸವನ್ನು ಹಿಡಿಯಿರಿ. 6 ಅಡಿ ಚೌಕದ ಹಾಸಿಗೆ 9 ಅಡಿ ಚೌಕದ ಗುಂಡಿಯನ್ನು 3 ಅಡಿ ಆಳ ತೋಡತಕ್ಕದ್ದು. ಅದಕ್ಕೆ ಮೊದಲೇ ಗಟ್ಟಿ ಗರಸು ಸಿಕ್ಕರೆ ಅಲ್ಲಿಗೇ ನಿಲ್ಲಿಸಬಹುದು. ತೆಗೆದ ಎರೆಯನ್ನು ಹೊಲಕ್ಕೆ ಹಾಕಿರಿ. ಮರಳಿ ಗುಂಡಿಗೆ ತುಂಬಕೂಡದು.

3. ತುಂಬುವುದು. ಗರಸನ್ನು 6 ಅಂಗುಲದ ಪದರುಗಳಾಗಿ ಹರವಿ, ಕೊಂಚ ನೀರು ಚಿಮುಕಿಸಿ, ಪ್ರತಿಯೊಂದು ಪದರನ್ನೂ ಧಮ್ಮಸಿನಿಂದ ಗಟ್ಟಿಯಾಗುವವರೆಗೆ ಬಡಿಯಿರಿ. ಸುಮಾರು 300 ಘನ ಅಡಿ ಗರಸು ಬೇಕಾಗುವುದು. ಬರಿಯ ಉಸುಕನ್ನು ತುಂಬಿದರೆ ಗುಂಡಿಯು ನೀರಿನ ತೊಟ್ಟಿಯಾಗಿ ಸುತ್ತಲಿನ ಎರೆಯನ್ನು ಉಬ್ಬಿಸುವುದು.

4. ಕಾಂಕ್ರೀಟು. ಹಾಸಿನ ದಪ್ಪ 6 ಅಂಗುಲವಿರಲಿ. ಸಿಮೆಂಟು ಒಂದು ಪಾಲು, ಉಸುಕು ಎರಡು ಪಾಲು, ಕಡಿ ನಾಲ್ಕು ಪಾಲು. ಇದಕ್ಕೆ ಸಿಮೆಂಟು 4 ಘನ ಅಡಿ, ಎಂದರೆ 50 ಕಿಲೋ ತೂಕದ ಮೂರೂಕಾಲು ಚೀಲ; ಉಸುಕು 8, ಕಡಿ 16 ಘನ ಅಡಿ ಹಿಡಿಯುವುದು. 10 ಮಿಲಿಮೀಟರ ಸರಳುಗಳನ್ನು ಉದ್ದಕ್ಕೂ ಅಡ್ಡಕ್ಕೂ 8 ಅಂಗುಲಕ್ಕೊಂದರಂತೆ ಕಟ್ಟಿ, ತಳದಿಂದ 2 ಅಂಗುಲ ಮೇಲಿರುವಂತೆ ಕಾಂಕ್ರೀಟಿನ ಬಿಲ್ಲೆಗಳ ಮೇಲೆ ಇಡಿರಿ. ನೆಲಕ್ಕೆ ತಗುಲಿದ ಸರಳು ತುಕ್ಕು ಹಿಡಿಯುವುದು. ಕಲಸು ಸುಲಭವಾಗಲೆಂದು ನೀರನ್ನು ಹೆಚ್ಚು ಸುರಿದರೆ ಹಾಸು ಬಲಗುಂದುವುದು.

5. ನೀರುಣಿಸುವುದು. ಮರುದಿನದಿಂದ 14 ದಿನ ಗೋಣಿತಟ್ಟು ಹೊದಿಸಿ, ಅದನ್ನು ಒಣಗಗೊಡದೆ ತೋಯಿಸುತ್ತಿರಬೇಕು. 28 ದಿನ ತುಂಬುವ ಮುನ್ನ ಬೆಂಕಿಯನ್ನು ಹಾಕಕೂಡದು.

6. ಶಾಖದಿಂದ ಕಾಪು. ಸಾಧಾರಣ ಕಾಂಕ್ರೀಟು 300 ಸೆಂಟಿಗ್ರೇಡಿಗೆ ಮೇಲಾದ ಕಾವಿನಲ್ಲಿ ಸತ್ವಗುಂದುತ್ತದೆ. ಆದಕಾರಣ ಹಾಸಿನ ಮೇಲೆ ನೇರವಾಗಿ ಬೆಂಕಿಯನ್ನು ಇಡಲೇಬಾರದು. ಎರಡೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿ, ಒಳಗೆ ಒಣ ಗರಸನ್ನು ಬಡಿದು ತುಂಬಿರಿ. ಅದರ ಮೇಲೆ ಸುಟ್ಟ ಇಟ್ಟಿಗೆಯ ಚೂರೂ ಜರಡಿ ಹಿಡಿದ ಬೂದಿಯೂ ಕೂಡಿದ 4 ಅಂಗುಲದ ಪದರನ್ನು ಗಟ್ಟಿಯಾಗಿ ಹಾಕಿ, ತೆಳ್ಳನೆಯ ಉಸುಕಿನ ಮೇಲೆ ಒಲೆಯ ನೆಲದ ಇಟ್ಟಿಗೆಗಳನ್ನು ಜೋಡಿಸಿರಿ.

7. ನೀರಿನ ದಾರಿ. ಹಾಸಿನ ಸುತ್ತ ಉಳಿದ ಒಂದೂವರೆ ಅಡಿ ಗರಸಿನ ಮೇಲೆ ಹೊರಕ್ಕೆ ಇಳಿಜಾರಾಗಿ ಫರಸಿಗಳನ್ನು ಹಾಸಿ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿರಿ. ಆಚೆಗೊಂದು ಕಾಲುವೆಯನ್ನು ತೋಡಿ ನೀರನ್ನು ದೂರಕ್ಕೆ ಹರಿಸಿರಿ. ಈ ಕೆಲಸವನ್ನು ಮರೆತವನು ಮೇಲಿನ ಎಲ್ಲ ವೆಚ್ಚವನ್ನೂ ನೀರಿಗೆ ಚೆಲ್ಲಿದಂತೆಯೇ ಸರಿ.

ಮೊದಲ ಐದಾರು ದಿನ ಸಣ್ಣ ಬೆಂಕಿಯನ್ನಷ್ಟೇ ಹಾಕಿ ಹಸಿಯನ್ನು ಆರಿಸತಕ್ಕದ್ದು. ಒಳಗಿನ ತೇವವು ಒಮ್ಮೆಗೇ ಉಗಿಯಾದರೆ ಗುಮ್ಮಟವು ಬಿರಿಯುವುದು.

ಊರ ಗೌಡರೂ ಹಿರಿಯರೂ ದಾಸೋಹದ ಭಟ್ಟಿಯನ್ನು ಕಟ್ಟಿಸುವಾಗ ಗುಮ್ಮಟದ ಅಂದಕ್ಕಿಂತ ಮೊದಲು ಗುಂಡಿಯ ಆಳವನ್ನು ತಾವೇ ನಿಂತು ಅಳೆಯಬೇಕು. ಮಣ್ಣು ಮುಚ್ಚಿದ ಬಳಿಕ ಗೌಂಡಿಯ ಮಾತೊಂದೇ ಸಾಕ್ಷಿ. ನೂರಾರು ಜನರು ಅನ್ನಕ್ಕಾಗಿ ಕಾದಿರುವ ಹೊತ್ತಿನಲ್ಲಿ ಒಲೆ ಕುಸಿದರೆ ಸುಡುವುದು ಬರಿಯ ಕಟ್ಟಿಗೆಯಲ್ಲ, ಬಳಿಯಲ್ಲಿ ನಿಂತವರ ಮೈಯೂ ಹೌದು ಎಂಬುದನ್ನು ಮರೆಯಬಾರದು.